ನಡುವೆ ಎದ್ದ ಫರಶಿ

ಹೈದರಾಬಾದಿನಾಗ ಕಾಜಿನ ಸಾಫ್ಟ್‌ವೇರ್ ಬಿಲ್ಡಿಂಗ್ ಒಂದರ ಹಿಂದೊಂದು ಏಳಾಕತ್ತಿದ್ದ ಕಾಲದಾಗ ಗ್ರಾನೈಟ್ ಕೊರದು ಹಾಸಿದವ ನಾನು. ನಾ ಹಾಸಿದ ಫರಶಿ ಮ್ಯಾಲ ಗೋಲಿ ಇಟ್ರ ಇಟ್ಟಲ್ಲೇ ಇರತೈತಿ. ಆ ಕಲ್ಲಿನ ಧೂಳು ಈಗ ನನ್ನ ಶ್ವಾಸಕೋಶದಾಗ ಕುಂತೈತಿ.

"ಮನ್ಯಾಗ ಆಕ್ಸಿಜನ್ ಮಷಿನ್ ಬೇಕೋ ಬ್ಯಾಡೋ ನೋಡೂಣು, ಆರು ನಿಮಿಷ ನಡೀರಿ" ಅಂದ್ರು ಡಾಕ್ಟರು. ದವಾಖಾನಿ ವರಾಂಡಾದಾಗ ಈ ತುದಿಯಿಂದ ಆ ತುದಿಗೆ ನಡೀಬೇಕು. ನಾವು ನಿಂತ್ರೂ ಗಡಿಯಾರ ನಿಲ್ಲಂಗಿಲ್ಲ. ನನ್ನ ಬೆರಳಿಗೆ ಆಕ್ಸಿಜನ್ ನೋಡೂ ಕ್ಲಿಪ್ ಹಾಕಿ ಸಿಸ್ಟರ್ ಹಿಂದ ಹಿಂದ ಬಂದ್ಲು.

ಎರಡನೇ ಸುತ್ತಿನಾಗ ಗಕ್ಕನೆ ನಿಂತೆ. ಆಕಿ ಗಾಬರಿಯಾಗಿ, "ಕೂರ್ಚೋಂಡಿ, ಕೂರ್ಚೋಂಡಿ" ಅಂತ ಕುರ್ಚಿ ಎಳಕೊಂಡು ಬಂದು, ಕಾಗದದ ಮ್ಯಾಲ 'ದಮ್ಮು ಹತ್ತಿ ನಿಂತರು' ಅಂತ ಬಾಯಾಗ ಅನಕೋತ ಬರದೇಬಿಟ್ಲು.

"ದಮ್ಮಲ್ಲಮ್ಮ," ಅಂದೆ ನನ್ನ ಹರಕು ತೆಲುಗಿನಾಗ. "ಈ ಫರಶಿ ಎದ್ದೈತಿ. ಯಾರು ಹಾಸ್ಯಾರ ಇದನ್ನ? ರೋಗಿಗಳು ಎಡವತಾರ."

ಆಕಿ ಚಪ್ಪಲಿ ಬಿಟ್ಟು ಕಾಲಿಂದ ಸವರಿ ನೋಡಿದ್ಲು. ಕಲ್ಲಿನ ಅಂಚು ಬೆರಳಿಗೆ ತಾಗ್ತು. "ದಿನಾ ಇಲ್ಲೇ ಓಡಾಡ್ತೀನಿ ತಾತಾ, ನನಗ ಗೊತ್ತೇ ಆಗಿರಲಿಲ್ಲ" ಅಂದ್ಲು. ಮೊದಲು ಬರದದ್ದನ್ನ ಹೊಡದು ಹಾಕಿ, 'ಫರಶಿ ನೋಡಾಕ ನಿಂತರು' ಅಂತ ಬರದ್ಲು. ನನ್ನ ಎದಿ ಉಬ್ಬಿತು, ಎಷ್ಟು ಉಬ್ಬಾಕ ಸಾಧ್ಯವೋ ಅಷ್ಟು.

ಐದನೇ ನಿಮಿಷಕ್ಕ ಮತ್ತ ನಿಂತೆ. ಆಕಿ ಪೆನ್ನು ಹಿಡಕೊಂಡು ನನ್ನ ಮಾರಿ ನೋಡಿದ್ಲು. ಬಗ್ಗಿ ಎಷ್ಟು ಹುಡುಕಿದ್ರೂ ಅಲ್ಲಿಯ ಕಲ್ಲಿನಾಗ ನನಗ ಒಂದು ತಪ್ಪೂ ಸಿಗಲಿಲ್ಲ.