ಟ್ರಿಪ್ ಆಗುತ್ತಿದ್ದದ್ದು ಮಿಕ್ಸಿಯಿಂದಲ್ಲ

ಅನ್ನಕ್ಕಿಟ್ಟು ತಿರುಗಿದ್ದೆ ಅಷ್ಟೇ, ಬ್ರೇಕರ್ ಮತ್ತೆ ಟಪ್ ಅಂತ ಬಿತ್ತು. ಮನೆಯೆಲ್ಲ ಕತ್ತಲು.

"ನಿನ್ನ ಮಿಕ್ಸಿನೇ ಕಣವ್ವ, ಹಳೇದಾಯ್ತು," ಅಂದರು ಮಾವ.

ಮಿಕ್ಸಿಯನ್ನು ನಾನು ಮುಟ್ಟಿಯೇ ಇರಲಿಲ್ಲ.

ನಾವು ಕುಶಾಲನಗರದ ಹತ್ತಿರ ಶುಂಠಿ ಬೆಳೆಯುವವರು. ನನ್ನ ಗಂಡ ಲಾರಿ ಓಡಿಸುತ್ತಾರೆ, ಹೆಚ್ಚಿನ ದಿನ ಮನೆಯಲ್ಲಿ ನಾನು ಮತ್ತು ಮಾವ ಇಬ್ಬರೇ.

ಮಾರನೇ ದಿನ ಫ್ರಿಜ್, ಟಿವಿ, ಮಿಕ್ಸಿ ಎಲ್ಲದರ ಪ್ಲಗ್ ಕಿತ್ತಿಟ್ಟೆ. ಆದರೂ ಸಂಜೆ ಟ್ರಿಪ್!

ಹಗಲೆಲ್ಲ ಸುಮ್ಮನಿರುವ ಬ್ರೇಕರ್‌ಗೆ ಕತ್ತಲಾದರೆ ಮಾತ್ರ ಏನಾಗುತ್ತದೆ? ಅದೂ ನಾಲ್ಕು ಹನಿ ಬಿದ್ದ ದಿನವೇ...

ಎಲೆಕ್ಟ್ರಿಷಿಯನ್ನನ್ನು ಕರೆಸೋಣ ಅಂದೆ. ಮಾವ ಸುತರಾಂ ಒಪ್ಪಲಿಲ್ಲ. "ಆ ಬ್ರೇಕರ್ರೇ ಸರಿ ಇಲ್ಲ. ತೆಗ್ಸಿ ಡೈರೆಕ್ಟ್ ಕೊಡ್ಸಿಬಿಡಾನ."

ಅಲ್ಲಿಂದ ನನ್ನ ಕಣ್ಣು ಅವರ ಮೇಲೆಯೇ.

ದಿನಾ ಮುಸ್ಸಂಜೆ ಕೊಟ್ಟಿಗೆಗೆ ಹೋಗಿ ಬರುತ್ತಿದ್ದರು. ಹಸು ಮಾರಿ ವರ್ಷವಾಗಿದೆ. ಖಾಲಿ ಕೊಟ್ಟಿಗೆಯಲ್ಲಿ ಏನು ಕೆಲಸ?

ಅವರು ಸಂತೆಗೆ ಹೋದ ದಿನ ನಾನೇ ಹೋಗಿ ನೋಡಿದೆ. ಅಲ್ಲಿನ ಸ್ವಿಚ್ ಬೋರ್ಡಿನಿಂದ ಒಂದು ವೈರ್ ಹೊರಟು, ಗೋಡೆಯ ಸಂದಿಯಲ್ಲಿ ನುಸುಳಿ, ಶುಂಠಿ ಹೊಲಕ್ಕೆ ಹೋಗಿದೆ. ಹೊಲದ ಸುತ್ತ ಗೂಟ ನೆಟ್ಟು ಬರಿ ತಂತಿ ಎಳೆದಿದ್ದಾರೆ, ಮೊಣಕಾಲಿಗಿಂತ ಕೆಳಗೆ. ಒದ್ದೆ ಹುಲ್ಲು ಆ ತಂತಿಗೆ ತಾಗಿದಾಗಲೆಲ್ಲ ಮನೆಯಲ್ಲಿ ಬ್ರೇಕರ್ ಬೀಳುತ್ತಿತ್ತು.

ಪಕ್ಕದ ಮನೆಯ ಗೌರಕ್ಕ ಹುಲ್ಲು ಕೊಯ್ಯುವುದು ಅದೇ ಬೇಲಿ ಬುಡದಲ್ಲಿ.

ಮೇನ್ ಆಫ್ ಮಾಡಿ ಬಂದು, ಕಟಿಂಗ್ ಪ್ಲೇಯರ್‌ನಿಂದ ವೈರ್ ಕತ್ತರಿಸಿ, ಸುತ್ತಿ ಜಗಲಿಯ ಮೇಲಿಟ್ಟೆ.

ಮಾವ ಬಂದು ನೋಡಿ ನಿಂತಲ್ಲೇ ನಿಂತರು. "ಹಂದಿ ನುಗ್ಗಿ ಗೆಡ್ಡೆಯೆಲ್ಲ ಅಗೆದು ಹಾಕ್ತವೆ ಕಣವ್ವ, ನಾನೇನ್ ಮಾಡ್ಲಿ? ಕತ್ತಲಾದ್ಮೇಲೆ ತಾನೆ ಹಾಕ್ತಿದ್ದೆ..."

"ಗೌರಕ್ಕ ಕತ್ತಲಾದ್ಮೇಲೂ ಕೊಯ್ತಿರ್ತಾರಲ್ಲ ಮಾವ. ಕೈಲಿ ಕುಡುಗೋಲಿರುತ್ತೆ!"

ಆ ರಾತ್ರಿ ಮಾವ ಊಟ ಮಾಡಲಿಲ್ಲ.

ಆಮೇಲೆ ಬ್ರೇಕರ್ ಬಿದ್ದಿಲ್ಲ. ಹಂದಿ ಮಾತ್ರ ಬರುತ್ತಲೇ ಇವೆ, ಹೊಲದ ಒಂದು ಮೂಲೆ ಪೂರ್ತಿ ಹಾಳಾಗಿದೆ. ಅದಕ್ಕೆ ಮಾವ ನನ್ನನ್ನು ಒಂದು ಮಾತೂ ಅಂದಿಲ್ಲ.

ನಿನ್ನೆ ಸಂಜೆ ಕರೆಂಟ್ ಹೋಯಿತು. ಇಡೀ ಊರಿಗೇ ಇರಲಿಲ್ಲ. ಆದರೂ ಟಾರ್ಚ್ ಹಿಡಿದು ನಾನು ಮೊದಲು ಓಡಿದ್ದು ಆ ಬೇಲಿಯ ಕಡೆಗೆ.

ಒಂದೇ ಮನೆಯಲ್ಲಿ ಉಣ್ಣುವವರ ಮೇಲೆ ಒಮ್ಮೆ ಹುಟ್ಟಿದ ಅನುಮಾನ ಹೋಗಲು ಎಷ್ಟು ಕಾಲ ಬೇಕು, ಹೇಳಿ?