ಕೆಂಪು ಪಟ್ಟೆಯ ಸಿಗಡಿ, ಅತ್ತೆಯ ಚೊಂಬು

ನನ್ನ ಅತ್ತೆಯ ಮೇಲೆ ನಾನು ಕೊಲೆಯ ಆರೋಪ ಹೊರಿಸಿದ್ದು ಒಂದು ಭಾನುವಾರ ಬೆಳಗ್ಗೆ, ತಿಂಡಿಗೂ ಮುಂಚೆ. ಸತ್ತಿದ್ದು ಸಿಗಡಿಗಳು, ಒಂದೊಂದೂ ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದದವು. ಅವತ್ತು ನಾನು ಆಡಿದ ಮಾತು ನೆನಪಾದಾಗ ಈಗಲೂ ಬಚ್ಚಲುಮನೆಯಲ್ಲಿ ಒಬ್ಬನೇ ನಿಂತು ‘ಥೂ’ ಎಂದುಕೊಳ್ಳುತ್ತೇನೆ. ಹೊರಗಿನಿಂದ ಹೆಂಡತಿ, ‘ಏನಂದ್ರಿ?’ ಎಂದು ಕೇಳುತ್ತಾಳೆ. ‘ಏನಿಲ್ಲ, ನೀರು ಬಿಸಿ ಇದೆ’ ಎನ್ನುತ್ತೇನೆ.

ಸಿಗಡಿ ಸಾಕುವ ಹುಚ್ಚು ನನಗೆ ಹತ್ತಿದ್ದು ನಲವತ್ತೆಂಟನೇ ವಯಸ್ಸಿನಲ್ಲಿ. ಆ ವಯಸ್ಸಿಗೆ ನಮ್ಮ ಆರ್‌ಪಿಸಿ ಲೇಔಟಿನ ಗಂಡಸರು ಷಟಲ್ ಆಡಲು ಹೋಗಿ ಮಂಡಿ ಕೆಡಿಸಿಕೊಳ್ಳುತ್ತಾರೆ, ಇಲ್ಲವೇ ಸೈಟಿನ ವ್ಯವಹಾರಕ್ಕೆ ಇಳಿದು ನಿದ್ದೆ ಕೆಡಿಸಿಕೊಳ್ಳುತ್ತಾರೆ. ನಾನು ಗಾಜಿನ ತೊಟ್ಟಿಯ ಮುಂದೆ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಬೆನ್ನು ಕೆಡಿಸಿಕೊಂಡೆ. ಈ ಸಿಗಡಿಗಳ ಮೈಮೇಲೆ ಕೆಂಪು, ಬಿಳಿ ಪಟ್ಟೆಗಳು. ಬಿಳಿ ಎಷ್ಟು ದಟ್ಟವಾಗಿದೆ, ಕೆಂಪಿನ ಅಂಚು ಎಷ್ಟು ನೇರವಾಗಿದೆ ಎಂದು ನೋಡಿ ದರ್ಜೆ ಕಟ್ಟುತ್ತಾರೆ. ಪಿಯು ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಲೆಕ್ಚರರ್. ಮಕ್ಕಳ ಉತ್ತರಪತ್ರಿಕೆಯನ್ನು ಎರಡು ನಿಮಿಷದಲ್ಲಿ ತಿದ್ದಿ ಎಸೆಯುವವನು, ಒಂದು ಸಿಗಡಿಯ ಬೆನ್ನಿನ ಬಿಳುಪನ್ನು ಭೂತಗನ್ನಡಿ ಹಿಡಿದು ಅರ್ಧ ಗಂಟೆ ನೋಡುತ್ತಿದ್ದೆ. ಕಡಿಮೆ ದರ್ಜೆಯದನ್ನು ಯಾರಾದರೂ ಹೊಗಳಿದರೆ ನಗುತ್ತಿದ್ದೆ. ಆ ನಗು ನನಗೆ ಎಷ್ಟು ಒಪ್ಪುತ್ತಿರಲಿಲ್ಲ ಎಂಬುದನ್ನು ಹೆಂಡತಿ ಆಮೇಲೆ ತಿಳಿಸಿದಳು.

ತೊಟ್ಟಿ ಇದ್ದದ್ದು ನಮ್ಮ ಮನೆಯ ಚಿಕ್ಕ ರೂಮಿನಲ್ಲಿ. ಆ ರೂಮು ನಿಜವಾಗಿ ಅತ್ತೆಗೆ ಸೇರಬೇಕಾದದ್ದು. ಅತ್ತೆ ಹೇರೋಹಳ್ಳಿಯವರು. ಅಲ್ಲಿ ಮಗನ ಮನೆಯಲ್ಲಿ ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟವಾಗಿ, ಮಗಳ ಬಲವಂತಕ್ಕೆ ನಮ್ಮಲ್ಲಿಗೆ ಬಂದಿದ್ದರು. ಬಂದವರನ್ನು ನಾವು ಹಾಲಿನ ದಿವಾನದ ಮೇಲೆ ಮಲಗಿಸಿದೆವು, ಯಾಕೆಂದರೆ ರೂಮಿನಲ್ಲಿ ಸಿಗಡಿಗಳು ಮಲಗಿದ್ದವು. ಅಳಿಯನ ಮನೆಯಲ್ಲಿ ಇರುವುದೇ ಸಂಕೋಚ ಎನ್ನುವ ಕಾಲದ ಹೆಂಗಸು ಅವರು. ತಮ್ಮ ಚೀಲವನ್ನು ದಿವಾನದ ಕೆಳಗೆ ತಳ್ಳಿಕೊಂಡರು.

ಮೊದಲ ದಿನ ತೊಟ್ಟಿಯೊಳಗೆ ಬಗ್ಗಿ ನೋಡಿ, ‘ಚಿಕ್ಕವ್ರಿದ್ದಾಗ ನಮ್ಮೂರ್ ಕೆರೇಲಿ ಹಳೇ ಸೀರೆ ಹಾಕಿ ಇವ್ನ ಗೋರ್‌ತಿದ್ವಿ. ಈರುಳ್ಳಿ ಹಾಕಿ ಹುರುದ್ರೆ ಮುದ್ದೆಗೆ ಏನ್ ಚೆಂದ ಅಂತೀರ! ಇವು ಯಾವಾಗ್ ಸಾರಿಗೆ ಬರ್ತವೆ?’ ಎಂದಿದ್ದರು. ನಾನು ಗಂಭೀರವಾಗಿ, ಇವು ತಿನ್ನುವುದಕ್ಕಲ್ಲ, ನೋಡುವುದಕ್ಕೆ ಎಂದೆ. ಅತ್ತೆ ನನ್ನನ್ನು ಒಮ್ಮೆ, ಸಿಗಡಿಯನ್ನು ಒಮ್ಮೆ ನೋಡಿ, ‘ಆಯ್ತು, ನೋಡಿ’ ಎಂದು ಸೊಪ್ಪು ಬಿಡಿಸಲು ಹೋದರು.

ನನ್ನ ಕಾನೂನುಗಳು ಮನೆಯವರ ಜೀವ ತಿನ್ನುತ್ತಿದ್ದವು. ಸೊಳ್ಳೆಬತ್ತಿ ಹಚ್ಚುವಂತಿಲ್ಲ. ಜಿರಲೆಗೆ ಏನೂ ಹೊಡೆಯುವಂತಿಲ್ಲ, ಊದುಬತ್ತಿ ಬೇಕಾದರೆ ಬಾಲ್ಕನಿಯಲ್ಲಿ. ಎಲ್ಲಕ್ಕಿಂತ ದೊಡ್ಡ ಕಾನೂನು ತಾಮ್ರದ್ದು. ಮನುಷ್ಯರಿಗೆ ಏನೂ ಮಾಡದಷ್ಟು ಚೂರು ತಾಮ್ರ ನೀರಿಗೆ ಸೇರಿದರೂ ಸಿಗಡಿಗೆ ಅದು ವಿಷ. ಅತ್ತೆ ಸಂಜೆ ತಾಮ್ರದ ಚೊಂಬಿನಲ್ಲಿ ನೀರು ತುಂಬಿಟ್ಟು ಬೆಳಗ್ಗೆ ಕುಡಿಯುತ್ತಿದ್ದರು, ಅವರ ತಾಯಿಯ ಕಾಲದಿಂದ ಬಂದ ಅಭ್ಯಾಸ. ನಾನು ಊಟದ ಮೇಜಿನ ಮುಂದೆ ನಿಂತು, ಅಯಾನು, ಲವಣ ಎಂದೆಲ್ಲ ಮುಕ್ಕಾಲು ಗಂಟೆಯ ಪೀರಿಯಡ್ ತೆಗೆದುಕೊಂಡೆ. ಅತ್ತೆ ಪೂರ್ತಿ ಕೇಳಿಸಿಕೊಂಡು ಚೊಂಬನ್ನು ದಿವಾನದ ಆಚೆ ತುದಿಗೆ ಸಾಗಿಸಿದರು.

ಆದರೆ ನಿಜವಾಗಿ ಸಿಗಡಿ ಸಾಕುತ್ತಿದ್ದವರು ಅವರೇ. ನಾನು ಕಾಲೇಜಿಗೆ, ಹೆಂಡತಿ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಇರುತ್ತಿದ್ದವರು ಅವರೊಬ್ಬರು. ಬೇಸಿಗೆಯಲ್ಲಿ ನೀರು ಕಾಯಬಾರದೆಂದು ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿಸಿದ ನೀರಿನ ಬಾಟಲಿಗಳನ್ನು ಹೊತ್ತುಹೊತ್ತಿಗೆ ತೊಟ್ಟಿಯಲ್ಲಿ ತೇಲಿಬಿಡುತ್ತಿದ್ದರು. ಬೀದಿಯ ಬಾದಾಮಿ ಮರದ ಒಣಗಿದ ಎಲೆಗಳನ್ನು ಆರಿಸಿ ತಂದು, ತೊಳೆದು ಸಿಗಡಿಗಳ ಮೇವಿಗೆಂದು ಹಾಕುತ್ತಿದ್ದರು. ಒಂದು ಸಂಜೆ ನಾನು ಚಪ್ಪಲಿ ಬಿಡುತ್ತಿದ್ದಂತೆ, ‘ಅಳಿಯಂದ್ರೇ, ಬೆನ್ ಮೇಲೆ ಬೆಳ್ಳಗೈತಲ್ಲ ದೊಡ್ದು, ಅದು ಬಸುರಿ’ ಎಂದರು. ಹೋಗಿ ನೋಡಿದೆ. ನನ್ನ ಅತಿ ಮೇಲಿನ ದರ್ಜೆಯ ಹೆಣ್ಣು ಹೊಟ್ಟೆಯ ಕೆಳಗೆ ಮೊಟ್ಟೆಗಳನ್ನು ಹಿಡಿದುಕೊಂಡು ನಿಂತಿತ್ತು. ಭೂತಗನ್ನಡಿಯವನಿಗೆ ಕಾಣದ್ದು ಪೊರೆ ಬಂದ ಕಣ್ಣಿಗೆ ಕಂಡಿತ್ತು.

ಹಿಂದಿನ ಮೂರು ಸಲವೂ ಮರಿಗಳು ಉಳಿದಿರಲಿಲ್ಲ. ಹೆಂಡತಿ ತೀರ್ಪು ಕೊಟ್ಟಳು. ‘ಈ ಸಲಾನೂ ಉಳೀಲಿಲ್ಲ ಅಂದ್ರೆ ಆ ರೂಮು ನಮ್ಮಮ್ಮಂಗೆ. ಅವ್ರು ಎಷ್ಟ್ ದಿನ ಅಂತ ಹಾಲಲ್ಲಿ ಮಲಗ್ತಾರೆ?’ ನಾನು ಒಪ್ಪಿದೆ. ಒಪ್ಪಿದ ಮಾರನೆಯ ದಿನವೇ, ಈ ಸಲ ಎಲ್ಲವೂ ಉತ್ತಮ ದರ್ಜೆಯದೇ ಇರಲಿ ಎಂದು ವಿಜಯನಗರದ ಅಂಗಡಿಗೆ ಹೋಗಿ ಹೊಸ ವಾಟರ್ ಫಿಲ್ಟರ್ ತಂದೆ. ತೊಟ್ಟಿಗೆ ಹಾಕುತ್ತಿದ್ದದ್ದು ಫಿಲ್ಟರ್ ನೀರನ್ನೇ, ಅದಕ್ಕೆ ಖನಿಜದ ಪುಡಿ ಬೆರೆಸಿ. ಅಂಗಡಿಯವನು ಮೂರು ಮಾಡೆಲ್ ತೋರಿಸಿ, ‘ಇದು ಟಾಪು ಸಾರ್’ ಎಂದ. ಟಾಪು ಎಂದ ಮೇಲೆ ನಾನು ಇನ್ನೇನನ್ನೂ ಕೇಳುವವನಲ್ಲ.

ಮರಿಗಳಾದವು. ಜೀರಿಗೆಗಿಂತ ಸಣ್ಣವು, ಮೈಮೇಲೆ ಆಗಲೇ ಪಟ್ಟೆ. ನಾನೂ ಅತ್ತೆಯೂ ಒಂದೇ ಗಾಜಿಗೆ ಮೂಗು ಒತ್ತಿ ಎಣಿಸಿದೆವು. ನನಗೆ ಹನ್ನೊಂದು ಸಿಕ್ಕಿದವು, ಅವರಿಗೆ ಹದಿನೇಳು.

ಎರಡು ಸಲ ನೀರು ಬದಲಾಯಿಸಿದ ಮೇಲೆ, ಆ ಭಾನುವಾರ, ರೂಮಿನ ಬಾಗಿಲು ತೆಗೆದರೆ ಮರಿಗಳು ಒಂದೂ ಇಲ್ಲ. ದೊಡ್ಡವು ಮಗುಚಿ ಬಿದ್ದಿವೆ, ನಾಲ್ಕು ಮಾತ್ರ ಇನ್ನೂ ಕಾಲು ಆಡಿಸುತ್ತಿವೆ. ಇದು ತಾಮ್ರದ ಕೆಲಸ ಎಂದು ನನ್ನ ಕೆಮಿಸ್ಟ್ರಿ ಕೂಡಲೇ ಹೇಳಿತು. ಅದು ಸರಿಯಾಗಿ ಹೇಳಿದ್ದು ಅಷ್ಟೇ. ಆ ನಾಲ್ಕನ್ನು ಕ್ಯಾನಿನಲ್ಲಿ ಉಳಿದಿದ್ದ ಹಳೆಯ ನೀರಿಗೆ ಬಿಟ್ಟು ಹಾಲಿಗೆ ಬಂದೆ. ಅತ್ತೆ ಚೊಂಬು ಎತ್ತಿ ನೀರು ಕುಡಿಯುತ್ತಿದ್ದರು.

‘ರೂಮ್ ಬೇಕಿದ್ರೆ ಬಾಯ್ಬಿಟ್ಟು ಕೇಳ್ಬೋದಿತ್ತಲ್ಲ ಅತ್ತೆ. ಅವುಗಳನ್ನ ಯಾಕ್ ಸಾಯಿಸಿದ್ರಿ?’ ಎಂದೆ.

ಅತ್ತೆ ಚೊಂಬು ಕೆಳಗಿಟ್ಟು ತಮ್ಮ ಕೈ ನೋಡಿಕೊಂಡರು. ಹೆಂಡತಿ ಅಡುಗೆಮನೆಯಿಂದ ಬಂದು ನನ್ನನ್ನು ನೋಡಿದ ರೀತಿಗೆ ಇನ್ನೊಬ್ಬನಾಗಿದ್ದರೆ ಅಲ್ಲೇ ಕ್ಷಮೆ ಕೇಳುತ್ತಿದ್ದ. ನಾನು ಸತ್ತ ಸಿಗಡಿಗಳನ್ನು ದರ್ಜೆಯ ಪ್ರಕಾರ ಬಿಳಿ ತಟ್ಟೆಯಲ್ಲಿ ಜೋಡಿಸಲು ಹೋದೆ. ಮಧ್ಯಾಹ್ನ ಅತ್ತೆಯ ಮಗ ಬಂದು ಕಾರಿನಲ್ಲಿ ಕರೆದುಕೊಂಡು ಹೋದ. ‘ಹಬ್ಬ ಹತ್ರ ಬಂತು’ ಎಂದರು ಅತ್ತೆ. ಯಾವ ಹಬ್ಬವೂ ಹತ್ತಿರ ಇರಲಿಲ್ಲ.

ಹನ್ನೆರಡನೆಯ ದಿನ ಫಿಲ್ಟರಿನ ಮೊದಲ ಸರ್ವಿಸಿಗೆ ಮೆಕ್ಯಾನಿಕ್ ಬಂದ. ನನ್ನ ವಯಸ್ಸಿನವನೇ, ಕನ್ನಡಕದ ಮೇಲಿಂದ ನೋಡಿ ಮಾತಾಡುವ ಮನುಷ್ಯ. ಮುಚ್ಚಳ ತೆಗೆದು, ‘ಕಾಪರ್ ಚೆನ್ನಾಗ್ ಕೆಲ್ಸ ಮಾಡ್ತಿದೆ ಸಾರ್’ ಎಂದ.

‘ಯಾವ ಕಾಪರ್?’

‘ಟಾಪ್ ಮಾಡೆಲ್ ಅಲ್ವಾ ಸಾರ್ ನಿಮ್ದು? ನೀರಿಗೆ ತಾಮ್ರ ಬಿಡೋ ಪಾರ್ಟ್ ಒಳಗೇ ಇರುತ್ತೆ. ತಾಮ್ರದ ಚೊಂಬಲ್ಲಿ ನೀರಿಟ್ಟಂಗೇ, ಆದ್ರೆ ಆಟೋಮ್ಯಾಟಿಕ್ಕು.’

ಫಿಲ್ಟರಿನ ಎದೆಯ ಮೇಲೆ ತಾಮ್ರದ ಬಣ್ಣದ ದಪ್ಪ ಪಟ್ಟಿ ಇತ್ತು, ಅದರ ಮೇಲೆ ತಾಮ್ರದ ರಾಸಾಯನಿಕ ಸಂಕೇತವೂ ಇತ್ತು. ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದ ಆ ಎರಡಕ್ಷರವನ್ನು ನಾನು ದಿನಾ ನೋಡಿ, ಡಿಸೈನ್ ಚೆನ್ನಾಗಿದೆ ಎಂದುಕೊಂಡಿದ್ದೆ. ಊರಿಗೆಲ್ಲ ಬುದ್ಧಿ ಹೇಳುವವನ ಮನೆಯಲ್ಲೇ ಬುದ್ಧಿಗೆ ಬರ. ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ‘ಲೆಕ್ಚರರ್ ಸಾಹೇಬ್ರು ಶರ್ಟ್ ಹಾಕ್ಕೊಂಡು ಹೇರೋಹಳ್ಳಿಗೆ ಹೊರಡ್ಲಿ’ ಎಂದಳು.

ಸ್ಕೂಟರಿನಲ್ಲಿ ಹೊರಟೆ. ಹೇರೋಹಳ್ಳಿಯ ಗುಂಡಿಗಳಲ್ಲಿ ಎದ್ದು ಬಿದ್ದು ಹೋಗುವಾಗ ಕ್ಷಮೆಯ ಮಾತನ್ನು ನಾಲ್ಕು ರೀತಿ ಅಭ್ಯಾಸ ಮಾಡಿದೆ. ಅತ್ತೆ ಬೈದರೆ ಏನು ಹೇಳಬೇಕು, ಅತ್ತರೆ ಏನು, ಮಾತೇ ಆಡದಿದ್ದರೆ ಏನು, ಎಲ್ಲವೂ ತಯಾರಾಗಿತ್ತು. ಅತ್ತೆ ಬೈಯಲಿಲ್ಲ. ಕಾಫಿ ಕೊಟ್ಟರು. ನಾನು ಬಾಯಿ ತೆಗೆಯುವ ಮೊದಲೇ, ‘ಆ ನಾಕು ಇದಾವಾ?’ ಎಂದು ಕೇಳಿದರು. ಇವೆ ಎಂದೆ.

‘ಅವತ್ತು ಚೊಂಬು ಉಜ್ಜಿದ್ ಕೈಯಾಗೇ ಎಲೆ ಹಾಕ್ದೆ ಅನ್ಸುತ್ತೆ. ತೊಳ್ಕೊಂಡಿದ್ನೋ ಇಲ್ವೋ ಗ್ಯಾಪ್ಕಾನೇ ಬರ್ತಿಲ್ಲ ನೋಡಿ. ಅಷ್ಟೊಂದ್ ಮರೀನ ಈ ಕೈಯಾರೆ...’ ಎಂದು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡರು.

ನಾನು ಲೋಟ ಕೆಳಗಿಟ್ಟು ಎಲ್ಲ ಹೇಳಿದೆ. ಫಿಲ್ಟರು, ಟಾಪ್ ಮಾಡೆಲ್ಲು, ಮೆಕ್ಯಾನಿಕ್ಕು, ನನ್ನ ದಡ್ಡತನ. ತಪ್ಪು ಪೂರ್ತಿ ನನ್ನದೇ ಎಂದೆ. ರೂಮಿನ ಬಗ್ಗೆ ಆಡಿದ ಮಾತಿಗೆ ಕಾಲು ಮುಟ್ಟಿ ಕ್ಷಮೆ ಕೇಳಿದೆ. ಅತ್ತೆ ಸರಕ್ಕನೆ ಕಾಲು ಹಿಂದಕ್ಕೆ ಎಳೆದುಕೊಂಡು, ‘ಬಿಡಿ, ನಂಗ್ ಸಮಾಧಾನ ಆಗ್ಲಿ ಅಂತ ಹೇಳ್ತಿದೀರ. ನೀವ್ ಓದಿದೋರು. ಅವತ್ತು ಅಷ್ಟು ಗಟ್ಟಿಯಾಗಿ ಹೇಳಿದ್ರಿ ಅಂದ್ರೆ ಸುಮ್‌ಸುಮ್ನೆ ಹೇಳ್ತೀರಾ?’ ಎಂದರು.

ಅತ್ತೆ ನಮ್ಮ ಮನೆಗೆ ವಾಪಸು ಬಂದರು. ರೂಮು ಅವರಿಗಾಯಿತು, ತೊಟ್ಟಿ ಹಾಲಿಗೆ ಬಂತು, ಫಿಲ್ಟರ್ ಬದಲಾಯಿತು. ಆ ನಾಲ್ಕರಿಂದ ಈಗ ನಲವತ್ತಾಗಿವೆ, ದರ್ಜೆ ನೋಡುವುದನ್ನು ನಾನು ಬಿಟ್ಟಿದ್ದೇನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮೆಕ್ಯಾನಿಕ್ಕನನ್ನು ಇನ್ನೊಮ್ಮೆ ಕರೆಸಿ ಅವನ ಬಾಯಿಂದಲೇ ಅತ್ತೆಗೆ ಹೇಳಿಸಿದೆ. ಅವರು ತಲೆಯಾಡಿಸಿ ಅವನಿಗೂ ಕಾಫಿ ಕೊಟ್ಟರು, ನಂಬಲಿಲ್ಲ. ಈಗಲೂ ಬೆಳಗ್ಗೆ ರೂಮಿನಿಂದ ಬಂದು ತೊಟ್ಟಿಯ ಮುಂದೆ ನಿಂತು ಮರಿ ಎಣಿಸುತ್ತಾರೆ, ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು. ಎಲೆ ನೀವೇ ಹಾಕಿ ಅತ್ತೆ ಎಂದು ನಾನು ದಿನಾ ಕೊಡುತ್ತೇನೆ. ‘ನನ್ ಕೈ ಬ್ಯಾಡ, ನೀವೇ ಹಾಕಿ’ ಎನ್ನುತ್ತಾರೆ.