ಅಕ್ಕನ ಹಲ್ಲಿನ ಮೇಲಿನ ಕೆಂಪು

ಇಲ್ಲ, ಮೊದಲ ಸಲ ಕೆಂಪು ಅಷ್ಟೊಂದು ಇರಲಿಲ್ಲವೇನೋ. ನೆನೆದಾಗಲೆಲ್ಲ ನಾನೇ ಅದಕ್ಕೆ ಒಂದಿಷ್ಟು ಬಣ್ಣ ಸೇರಿಸುತ್ತಿರಬಹುದು. ಗೋಕಾಕದ ದಂತವೈದ್ಯೆ ಅಕ್ಕನ ಹಲ್ಲಿಗೆ ಬಣ್ಣದ ದ್ರವ ಸವರಿ, ನೀರು ಮುಕ್ಕಳಿಸಲು ಹೇಳಿ, ಕನ್ನಡಿ ಹಿಡಿದರು. ಪಾಚಿ ಕಟ್ಟಿದಲ್ಲೆಲ್ಲ ಕೆಂಪು ಉಳಿದಿತ್ತು. ನೆನಪಿನಲ್ಲಿ ನಾನು ಅವಳ ಎದುರಿಗೇ ನಿಂತಿದ್ದೇನೆ. ಆದರೆ ನಾನು ಕುಳಿತದ್ದು ಬಾಗಿಲ ಬಳಿ; ಅಲ್ಲಿಂದ ಹಲ್ಲು ಕಾಣುವುದು ಸಾಧ್ಯವಿರಲಿಲ್ಲ.

ಅಕ್ಕನ ಹೃದಯದ ಕವಾಟ ಬದಲಿಸಬೇಕಿತ್ತು. ಬಾಯಿಯ ಸೋಂಕು ರಕ್ತಕ್ಕಿಳಿದು ಹೊಸ ಕವಾಟವನ್ನು ಹಿಡಿಯಬಹುದು ಎಂದು, ಬಾಯಿ ಶುಚಿಯಾಗಿದೆ ಎಂಬ ದಂತವೈದ್ಯರ ಚೀಟಿಯಿಲ್ಲದೆ ಆಪರೇಶನ್ ಮಾಡುವುದಿಲ್ಲವೆಂದು ಹೃದಯದ ವೈದ್ಯರು ಹೇಳಿದ್ದರು. ಹುಕ್ಕೇರಿಯ ಮನೆಯ ಮೆಟ್ಟಿಲು ಹತ್ತುವಾಗ ಅವಳು ಆಗಲೇ ನಡುವೆ ಕೂರುತ್ತಿದ್ದಳು.

ವೈದ್ಯೆ ಹಲ್ಲು ಕೆರೆದು ಶುಚಿ ಮಾಡಿ, ಬಾಯಿ ಮುಕ್ಕಳಿಸುವ ಔಷಧ ಬರೆದು, ಅದರ ಬಾಟಲಿಯನ್ನೂ ಮುಂದಿಟ್ಟರು. ಅಕ್ಕ ಲಿಂಗ ಕಟ್ಟಿದವಳು, ಹೆಂಡ ಸೋಕಿದ್ದನ್ನು ಬಾಯಿಗಿಡುವವಳಲ್ಲ. ಬಾಟಲಿ ಮುಟ್ಟದೆ ಕೇಳಿದಳು:

"ಇದರಾಗ ದಾರೂ ಇರತೈತೇನ್ರಿ ಬಾಯಾರ?"

"ಇಲ್ರಿ ಅಕ್ಕಾರ, ದಾರೂ ಇಲ್ಲದ್ದ ಬರದೇನಿ. ಪಾಚಿ ತಡಿಯೂದ್ರಾಗ ಇದೇನೂ ಕಮ್ಮಿ ಇಲ್ಲ. ಆದ್ರ ಬ್ರಶ್ ಬಿಡಬ್ಯಾಡ್ರಿ, ಮಶೇರಿ ಹಚ್ಚಬ್ಯಾಡ್ರಿ."

ಸುಟ್ಟ ತಂಬಾಕಿನ ಆ ಪುಡಿಯನ್ನು ಅಕ್ಕ ಮದುವೆಯಾದಾಗಿನಿಂದ ಹಲ್ಲಿಗೆ ತಿಕ್ಕುತ್ತಿದ್ದಳು. ಬಿಟ್ಟು ವರ್ಷವಾಯಿತು ಎಂದಳು. ನಾನು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡೆ.

ಎರಡು ವಾರದ ನಂತರ ನಾನು ಮೂಡಲಗಿಯಿಂದ, ಅವಳು ಹುಕ್ಕೇರಿಯಿಂದ ಬಂದು ಗೋಕಾಕದ ಬಸ್ ನಿಲ್ದಾಣದಲ್ಲಿ ಕೂಡಿದೆವು. ಮತ್ತೆ ಕೆಂಪು. ವೈದ್ಯೆ ಚೀಟಿ ಕೊಡಲಿಲ್ಲ. ಇನ್ನೊಂದು ವಾರ ನೋಡೋಣ, ಆಗಲೂ ಹೀಗೇ ಇದ್ದರೆ ಆಪರೇಶನ್ ತಾರೀಖು ಮುಂದೂಡಲೇಬೇಕು ಎಂದರು. ಅಕ್ಕ ಸೆರಗಿನಿಂದ ತುಟಿ ಒರೆಸುತ್ತಲೇ ಇದ್ದಳು.

ಅಂದು ನಾನು ಅವಳ ಜೊತೆಗೇ ಹುಕ್ಕೇರಿಗೆ ಹೋದೆ. ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ನಿಂತು ನೋಡಿದೆ. ಔಷಧ ಹಾಕಿಕೊಂಡಳು, ಅರ್ಧ ನಿಮಿಷ ಮುಕ್ಕಳಿಸಿದಳು, ಉಗುಳಿದಳು. ಕೂಡಲೇ ತಂಬಿಗೆ ಎತ್ತಿ ಮೂರು ಸಲ, ನಾಲ್ಕು ಸಲ ನೀರು ಮುಕ್ಕಳಿಸಿ, ನಾಲಗೆಯನ್ನೂ ತಿಕ್ಕಿ ತೊಳೆದಳು. ಔಷಧವೆಲ್ಲ ಬಚ್ಚಲ ಪಾಲು.

ಯಾಕೆ ಹಾಗೆ ಮಾಡಿದೆ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

"ಜಳಕಾ ಮಾಡಿ ಲಿಂಗಪೂಜಿ ಆದಮ್ಯಾಲ ಪಾದೋದಕ ತಗೊಬೇಕಲ್ಲೋ ತಮ್ಮಾ. ಬಾಯಾಗ ಔಷಧದ ರುಚಿ ಇಟಗೊಂಡು ಹ್ಯಾಂಗ ತಗೊಳ್ಳಲಿ?"

ನಾನು ಫೋನ್ ಮಾಡಿ ವೈದ್ಯೆಗೆ ಹೇಳಿದೆ. ಅವರು ನಗಲಿಲ್ಲ. ಪೂಜೆ, ನಾಷ್ಟಾ ಎಲ್ಲ ಮುಗಿದು ಸ್ವಲ್ಪ ಹೊತ್ತಾದ ಮೇಲೆ ಔಷಧ ಹಾಕಲಿ, ಆಮೇಲೆ ಅರ್ಧ ಗಂಟೆ ನೀರು ಸಹ ಬೇಡ ಎಂದರು. ಆ ವಾರ ದಿನವೂ ಅದೇ ಹೊತ್ತಿಗೆ ಫೋನ್ ಮಾಡುತ್ತಿದ್ದೆ. ಬಾಯಲ್ಲಿ ಔಷಧವಿರುವಾಗ ತುಟಿ ತೆರೆಯಬಾರದೆಂದು ಅಕ್ಕ "ಹ್ಞೂಂ" ಎಂದಷ್ಟೇ ಅನ್ನುತ್ತಿದ್ದಳು.

ಮೂರನೆಯ ಸಲ ಕೆಂಪು ಎರಡು ಮೂರು ಹಲ್ಲಿನ ಬುಡದಲ್ಲಿ ಮಾತ್ರ ಇತ್ತು. ಚೀಟಿ ಸಿಕ್ಕಿತು. ಆಪರೇಶನ್ ಹೇಳಿದ ದಿನವೇ ಆಯಿತು. ಈಗ ಅವಳು ನಡುವೆ ಕೂರದೆ ಮೆಟ್ಟಿಲು ಹತ್ತುತ್ತಾಳೆ.

ಮೊನ್ನೆ ಚಹಾ ಕುಡಿಯುತ್ತ ತಾನಾಗಿಯೇ ಹೇಳಿದಳು:

"ಖರೆ ಹೇಳ್ತೇನಿ, ಮಶೇರಿ ಬಿಟ್ಟಿದ್ದು ಆ ಕಡೀ ವಾರದಾಗ. ಅಂಜಿ ದಿನಾ ಮೂರು ಸಲ ಬ್ರಶ್ಶೂ ಮಾಡಿದೆ. ನಿನ್ನ ಔಷಧ ಎರಡು ದಿನ ಮರತೇನಿ."

ಎರಡೋ, ನಾಲ್ಕೋ? ಫೋನಿನ ಆ "ಹ್ಞೂಂ"ಗಳಲ್ಲಿ ಖಾಲಿ ಬಾಯಿಯವು ಎಷ್ಟಿದ್ದವೋ. ಕೆಂಪನ್ನು ಕಳೆದದ್ದು ಆ ಔಷಧವೋ, ಬ್ರಶ್ಶೋ, ಬಿಟ್ಟ ಮಶೇರಿಯೋ, ನನಗೆ ಗೊತ್ತಿಲ್ಲ.